ಸೊಲ್ಲಾಪುರದಿಂದ ಅಕಲೂಜ್ ಕಡೆಗೆ ವೈನ್ ಸವಿಯುವ ಪುಟ್ಟ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಚಳಿಗಾಲದಲ್ಲಿ ನಾವು ಐದು ಜನ ಹೋಗಿ ಬಂದೆವು. ಅಂದಿನಿಂದ ಮದುವೆಮನೆಯಲ್ಲಿ, ಗಡ್ಡಾ ಜಾತ್ರೆಯಲ್ಲಿ, ಭಾಜಿ ಮಾರುಕಟ್ಟೆಯಲ್ಲಿ ಸಿಕ್ಕವರೆಲ್ಲ ಅವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಜೋರಾಗಿ, ಕೆಲವರು ಪಕ್ಕಕ್ಕೆ ಕರೆದು ಕಿವಿಯಲ್ಲಿ. ಎಲ್ಲರಿಗೂ ಒಂದೇ ಸಲ ಉತ್ತರ ಕೊಡೋಣ ಅಂತ ಇದನ್ನು ಬರೆದಿದ್ದೇನೆ.

ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ವೈನ್ ಮಾಡ್ತಾರಾ? ಅದು ನಾಸಿಕದ ಕಡೆ ಅಲ್ವಾ?

ನಾಸಿಕದ ಹೆಸರು ದೊಡ್ಡದು, ನಿಜ. ಆದರೆ ನಮ್ಮ ಜಿಲ್ಲೆಯಲ್ಲೇ ಮಾಳಶಿರಸ ತಾಲೂಕಿನ ಮೋಟೆವಾಡಿಯಲ್ಲಿ ಫ್ರಾಟೆಲ್ಲಿ ಎಂಬ ವೈನರಿ ಇದೆ. ಹತ್ತಿರದ ದೊಡ್ಡ ಊರು ಅಕಲೂಜ್. ಇಟಲಿ ಭಾಷೆಯಲ್ಲಿ ಫ್ರಾಟೆಲ್ಲಿ ಅಂದರೆ ಅಣ್ಣತಮ್ಮಂದಿರು. ಮೂರು ಜೋಡಿ ಅಣ್ಣತಮ್ಮಂದಿರು ಸೇರಿ ಶುರು ಮಾಡಿದ್ದಕ್ಕೆ ಆ ಹೆಸರು. ಒಂದು ಜೋಡಿ ಇಟಲಿಯ ಸೆಕ್ಕಿ, ಇನ್ನೊಂದು ದಿಲ್ಲಿಯ ಸೇಖ್ರಿ, ಮೂರನೆಯದು ನಮ್ಮ ಅಕಲೂಜಿನ ಮೋಹಿತೆ ಪಾಟೀಲ. ಅಲ್ಲಿ ವೈನ್ ಮಾಡುವುದಕ್ಕೆ ರೂಪ ಕೊಟ್ಟ ಕೈ ಇಟಲಿಯ ಟಸ್ಕನಿಯಿಂದ ಬಂದ ಪಿಯೆರೊ ಮಾಸಿಯವರದು. ಸಸಿಗಳು ಹೊರದೇಶದವು. ಮಣ್ಣು ಮಾತ್ರ ನಮ್ಮದು: ಕಬ್ಬು, ಜೋಳ, ದಾಳಿಂಬೆ ಬೆಳೆಯುವ ಅದೇ ಸೀಮೆ.

ದ್ರಾಕ್ಷಿ ನಮಗೆ ಹೊಸದೇನಲ್ಲ. ಸೋನಾಕಾ ತಳಿ ಹುಟ್ಟಿದ್ದು ಸೊಲ್ಲಾಪುರದ ಪಕ್ಕದ ನಾನ್ನಜದಲ್ಲಿ, ನಾನಾಸಾಹೇಬ ಕಾಳೆಯವರ ತೋಟದಲ್ಲಿ. ನಾವು ದ್ರಾಕ್ಷಿ ತಿಂದೆವು, ಒಣಗಿಸಿದೆವು, ಮಾರಿದೆವು. ಹಿಂಡಿ ಇಟ್ಟು ಕಾಯುವುದೊಂದನ್ನು ಮಾತ್ರ ತಡವಾಗಿ ಶುರು ಮಾಡಿದ್ದು.

ಅರ್ಧ ದಿನ ಸಾಕಾ?

ವೈನರಿಯಲ್ಲಿ ಅರ್ಧ ದಿನ ಧಾರಾಳ ಸಾಕು. ದಾರಿ ಸೇರಿಸಿದರೆ ಲೆಕ್ಕ ಬೇರೆ. ಸೊಲ್ಲಾಪುರದಿಂದ ಮೋಹೋಳ, ಪಂಢರಪುರ ದಾಟಿ ಹೋದರೆ ಒಂದು ಕಡೆಗೇ ಸುಮಾರು ಎರಡೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ, ಚಹಾ ನಿಲುಗಡೆ ಹಿಡಿದು ಹತ್ತರ ಹೊತ್ತಿಗೆ ತಲುಪಬಹುದು. ತೋಟ ಸುತ್ತು, ಟೇಸ್ಟಿಂಗ್, ಊಟ ಎಲ್ಲ ಮುಗಿದು ಎರಡಕ್ಕೆ ಹೊರಟರೆ ಸಂಜೆ ಐದರೊಳಗೆ ಮನೆ.

ನಿಜವಾಗಲೂ ಆರಾಮಾಗಿ ಆಗಬೇಕು ಅಂದರೆ ನನ್ನ ಸಲಹೆ ಇಷ್ಟೇ. ಹಿಂದಿನ ರಾತ್ರಿ ಪಂಢರಪುರದಲ್ಲಿ ಉಳಿಯಿರಿ. ಅಲ್ಲಿ ನೆಂಟರಿಲ್ಲದ ಸೊಲ್ಲಾಪುರದವರು ಯಾರಿದ್ದಾರೆ? ಅಲ್ಲಿಂದ ಒಂದು ಗಂಟೆಯ ಚಿಲ್ಲರೆ ದಾರಿ. ಆಗ ಅದು ಹೇಳಿದ ಮಾತಿನಂತೆ ಅರ್ಧ ದಿನದ ಪ್ರವಾಸ.

ಹಾಗಾದ್ರೆ ವಿಠ್ಠಲನ ದರ್ಶನವನ್ನೂ ಸೇರಿಸಿಕೊಳ್ಳಬಹುದಾ?

ಸೇರಿಸಿಕೊಳ್ಳಬಹುದು, ಆದರೆ ಹಿಂದಿನ ಸಂಜೆಗೆ. ವೈನ್ ಕುಡಿದು ವಾಪಸ್ ಬರುವಾಗ ಗುಡಿಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಬೆಳಿಗ್ಗೆಯೇ ಮುಗಿಸೋಣ ಅಂದರೆ, ಪಾದ ಮುಟ್ಟುವ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದೀತು. ಮುಖದರ್ಶನದ ಸಾಲು ಬೇಗ ಸಾಗುತ್ತದೆ. ಆದರೂ ಗಡಿಯಾರ ನೋಡುತ್ತ ದೇವರ ಮುಂದೆ ನಿಲ್ಲುವುದು ಯಾಕೆ?

ಯಾವ ತಿಂಗಳು ಹೋಗಬೇಕು?

ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕೊಂಬೆ ಕತ್ತರಿಸುವುದು: ಏಪ್ರಿಲ್ ಸುಮಾರಿಗೆ ಒಂದು, ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು. ಎರಡನೆಯದರ ನಂತರ ಬಂದ ಗೊನೆ ಬೇಸಿಗೆಗೆ ಮುಂಚೆ ಹಣ್ಣಾಗುತ್ತದೆ. ಯುರೋಪಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ತನಕ ನಡೆಯುವ ಸುಗ್ಗಿ ನಮ್ಮಲ್ಲಿ ಜನವರಿಯಿಂದ ಮಾರ್ಚ್. ಆ ಹೊತ್ತಿಗೆ ಹೋದರೆ ಬಳ್ಳಿಯಲ್ಲಿ ಗೊನೆ ಕಾಣುತ್ತದೆ, ಟ್ರ್ಯಾಕ್ಟರಿನಲ್ಲಿ ಕ್ರೇಟು ಬರುವುದು ಕಾಣುತ್ತದೆ, ಟ್ಯಾಂಕಿನ ಹತ್ತಿರ ಹುಳಿ ಬಂದ ರಸದ ವಾಸನೆ ಮೂಗಿಗೆ ಬಡಿಯುತ್ತದೆ.

ಅದೇ ಕಾಲಕ್ಕೆ ದಾರಿಯಲ್ಲಿ ಸೀತನಿಯೂ ಸಿಗುತ್ತದೆ. ಮರಾಠಿಯಲ್ಲಿ ಹುರ್ಡಾ ಅಂತಾರೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಬೆಳಗಿನ ಟೇಸ್ಟಿಂಗ್‌ಗೆ ಮುಂಚೆ ಇದಕ್ಕಿಂತ ಒಳ್ಳೆ ತಿಂಡಿ ಇಲ್ಲ.

ಏಪ್ರಿಲ್, ಮೇ ಬೇಡವೇ ಬೇಡ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ತೋಟ ಸುತ್ತುವುದಿರಲಿ, ಗ್ಲಾಸಿನ ವಾಸನೆ ಹಿಡಿಯುವ ತಾಳ್ಮೆಯೂ ಇರುವುದಿಲ್ಲ. ಮಳೆಗಾಲದಲ್ಲಿ ತೋಟ ಹಸಿರಾಗಿರುತ್ತದೆ, ಗೊನೆ ಇರುವುದಿಲ್ಲ. ಸುಮ್ನೆ ಕುಳಿತು ಹರಟೆ ಹೊಡೆಯಲು ಅದೂ ಚೆನ್ನ.

ಯಾವ ದಿನ ಹೋಗಬಾರದು?

ಆಷಾಢಿ ಏಕಾದಶಿಯ ಹಿಂದಿನ ಎರಡು ವಾರ ಆ ದಾರಿಯ ಕಡೆ ಸುಳಿಯಬೇಡಿ. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ಮಾಳಶಿರಸ, ವೇಳಾಪುರದ ಮೇಲೆ ಬರುತ್ತದೆ. ತುಕಾರಾಮರ ಪಾಲಖಿ ಅಕಲೂಜಿನ ಮೇಲೆ. ಲಕ್ಷಗಟ್ಟಲೆ ವಾರಕರಿಗಳು, ಅಂದರೆ ವಿಠ್ಠಲನ ಭಕ್ತರು, ನಡೆದು ಹೋಗುವ ರಸ್ತೆ ಅದು. ನೋಡಲು ಹೋಗುವುದಾದರೆ ವಾರಿ ಎಂಬ ಆ ಪಾದಯಾತ್ರೆಯನ್ನೇ ನೋಡಲು ಹೋಗಿ. ಕಾರ್ತಿಕಿ ಏಕಾದಶಿಗೂ ಪಂಢರಪುರ ತುಂಬಿರುತ್ತದೆ.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಡ್ರೈ ಡೇ, ಮದ್ಯ ಮಾರುವಂತಿಲ್ಲ. ರಜೆ ಇದೆ ಅಂತ ಆ ದಿನವೇ ಪ್ಲಾನ್ ಹಾಕುವವರು ಜಾಸ್ತಿ! ಚುನಾವಣೆ ಬಂದರೆ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಯೂ ಬಂದ್. ಸಂಕ್ರಾಂತಿಯ ಗಡ್ಡಾ ಜಾತ್ರೆ ಸಮಯದಲ್ಲಿ ನಮ್ಮೂರ ದೇವರು ಸಿದ್ಧರಾಮನನ್ನು ಬಿಟ್ಟು ನೀವೇ ಹೊರಡುವುದಿಲ್ಲ, ಅದನ್ನು ಹೇಳಬೇಕಿಲ್ಲ.

ಮೊದಲೇ ಫೋನ್ ಮಾಡಬೇಕಾ?

ಮಾಡಲೇಬೇಕು. ಇದು ಧಾಬಾ ಅಲ್ಲ. ಎಷ್ಟು ಜನ, ಎಷ್ಟು ಗಂಟೆಗೆ, ಊಟ ಬೇಕಾ, ಸಸ್ಯಾಹಾರಿಗಳು ಎಷ್ಟು, ಕುಡಿಯದವರು ಎಷ್ಟು: ಈ ಐದನ್ನೂ ಹೇಳಿ. ಅಂದಿನ ದರವನ್ನೂ ಆಗಲೇ ಕೇಳಿಬಿಡಿ. ವಾರದ ನಡುವೆ ಹೋದರೆ ತೋರಿಸುವವರಿಗೆ ಪುರುಸೊತ್ತು ಇರುತ್ತದೆ, ನಿಮ್ಮ ಪೆದ್ದು ಪ್ರಶ್ನೆಗೂ ಉತ್ತರ ಸಿಗುತ್ತದೆ.

ಗಾಡಿ ಯಾರು ಓಡಿಸಬೇಕು?

ಕುಡಿಯದವರು. ಇದರಲ್ಲಿ ರಾಜಿ ಇಲ್ಲ.

"ಬರೀ ಟೇಸ್ಟಿಂಗ್ ತಾನೇ" ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಒಂದೊಂದು ಸಲ 30ರಿಂದ 45 ಎಂ.ಎಲ್. ಸುರಿಯುತ್ತಾರೆ ಅಂತಿಟ್ಟುಕೊಳ್ಳಿ. ಐದು ಬಗೆ ರುಚಿ ನೋಡಿದರೆ 150ರಿಂದ 225 ಎಂ.ಎಲ್. ಆಯಿತು. ಅಂದರೆ ಒಂದರಿಂದ ಒಂದೂವರೆ ಗ್ಲಾಸ್. ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 12ರಿಂದ 14. ಹಾಗಾಗಿ ದೇಹಕ್ಕೆ ಸೇರುವ ಆಲ್ಕೋಹಾಲ್ 14ರಿಂದ 25 ಗ್ರಾಂ ಹತ್ತಿರ. ದೇಹ ಗಂಟೆಗೆ ಹೆಚ್ಚುಕಮ್ಮಿ ಹತ್ತು ಗ್ರಾಂ ಕರಗಿಸಬಹುದು, ಅದೂ ಆಳಿಂದ ಆಳಿಗೆ ಬೇರೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೇಲಾಗಿ ಅದು ಕಬ್ಬಿನ ಟ್ರ್ಯಾಕ್ಟರುಗಳ ದಾರಿ. ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಿಂದೆ ದೀಪ ಇಲ್ಲದೆ ಹೋಗುತ್ತಿರುತ್ತವೆ. ಪೂರಾ ಎಚ್ಚರ ಇದ್ದವರಿಗೇ ಅದು ಕಷ್ಟದ ದಾರಿ.

ನಾವು ಡ್ರೈವರ್ ಸಮೇತ ಗಾಡಿ ಮಾಡಿಕೊಂಡು ಹೋದೆವು. ಐದು ಜನಕ್ಕೆ ಹಂಚಿದರೆ ಭಾರ ಅನ್ನಿಸಲಿಲ್ಲ. ಅವರಿಗೂ ಊಟ ಹೇಳುವುದನ್ನು ಮರೆಯಬೇಡಿ. ಎಸ್‌ಟಿ ಬಸ್ಸಿನಲ್ಲಿ ಅಕಲೂಜ್ ತನಕ ಹೋಗಿ ಅಲ್ಲಿಂದ ಬಾಡಿಗೆ ಗಾಡಿ ಹಿಡಿಯುವ ದಾರಿಯೂ ಇದೆ. ಅಕಲೂಜಿಗೆ ರೈಲಿಲ್ಲ.

ನಾನು ಜೀವನದಲ್ಲಿ ವೈನ್ ಮುಟ್ಟಿಲ್ಲ. ಅಲ್ಲಿ ಹೋಗಿ ಏನು ಮಾಡಬೇಕು?

ಏನೂ ಗೊತ್ತಿಲ್ಲದೆ ಹೋದವರೇ ಜಾಸ್ತಿ ಖುಷಿಪಡುತ್ತಾರೆ. ಮೊದಲು ತೋಟ ತೋರಿಸುತ್ತಾರೆ, ಆಮೇಲೆ ಸ್ಟೀಲ್ ಟ್ಯಾಂಕುಗಳು, ಓಕ್ ಮರದ ಪೀಪಾಯಿಗಳು. ಕೊನೆಗೆ ಮೇಜಿನ ಮುಂದೆ ಕೂರಿಸಿ ಒಂದೊಂದಾಗಿ ಸುರಿಯುತ್ತಾರೆ. ಬಿಳಿ ಮೊದಲು, ಕೆಂಪು ಆಮೇಲೆ. ಕೆಂಪು ನಾಲಿಗೆಯ ಮೇಲೆ ಕೂತುಬಿಟ್ಟರೆ ಬಿಳಿಯ ನವಿರು ರುಚಿ ಗೊತ್ತಾಗುವುದಿಲ್ಲ. ಸಿಹಿ ವೈನ್ ಇದ್ದರೆ ಅದು ಕೊನೆಗೆ.

ಗ್ಲಾಸನ್ನು ಅದರ ಬುಡದ ಉದ್ದ ಕಡ್ಡಿಯಲ್ಲಿ ಹಿಡಿಯಿರಿ. ಬೋಗುಣಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದರೆ ವೈನ್ ಬಿಸಿಯಾಗುತ್ತದೆ. ಬಣ್ಣ ನೋಡಿ, ಮೆಲ್ಲಗೆ ಸುತ್ತಿಸಿ, ಮೂಗು ಒಳಗೆ ಇಟ್ಟು ವಾಸನೆ ತೆಗೆದುಕೊಳ್ಳಿ. ರುಚಿಯ ಹೆಚ್ಚಿನ ಪಾಲು ವಾಸನೆಯೇ. ನೆಗಡಿ ಬಂದಾಗ ಹುಳಿಸಾರೂ ಸಪ್ಪೆ ಅಲ್ವಾ, ಹಾಗೆ. ಆಮೇಲೆ ಒಂದು ಗುಟುಕು. ನುಂಗುವ ಮುಂಚೆ ಬಾಯೊಳಗೆ ಎಲ್ಲ ಕಡೆ ಆಡಿಸಿ.

ಅವರು "ಪ್ಲಮ್, ಬ್ಲ್ಯಾಕ್‌ಬೆರಿ" ಅಂತಾರೆ. ನನಗೆ ಅದೇನೂ ಸಿಗಲಿಲ್ಲ. ನನ್ನ ನಾಲಿಗೆ ಕೆಟ್ಟಿದೆಯಾ?

ತಿನ್ನದ ಹಣ್ಣಿನ ವಾಸನೆ ಎಲ್ಲಿಂದ ಸಿಗಬೇಕು? ನಮ್ಮ ಹಣ್ಣಿನಲ್ಲಿ ಹೇಳಿ. ನನಗೆ ಬಿಳಿ ವೈನ್ ಸೋವಿನ್ಯೋ ಬ್ಲಾಂಕ್‌ನಲ್ಲಿ ಪೇರಲದ ಸಿಪ್ಪೆ, ಆಗತಾನೇ ಕೊಯ್ದ ಹುಲ್ಲು ಸಿಕ್ಕಿತು. ಶೆನಿನ್ ಎಂಬ ಇನ್ನೊಂದು ಬಿಳಿಯಲ್ಲಿ ಮಾಗಿದ ಬಾಳೆಹಣ್ಣು. ಶಿರಾಜ್ ಎಂಬ ಕೆಂಪಿನಲ್ಲಿ ಕರಿಮೆಣಸು. ಅದಂತೂ ನನ್ನ ಕಲ್ಪನೆಯಲ್ಲ. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೊಟುಂಡೋನ್ ಎಂಬ ವಸ್ತುವೇ ಮೆಣಸಿನಲ್ಲೂ ಇರುವುದು. ಕ್ಯಾಬರ್ನೆ ಸೋವಿನ್ಯೋನ್ ಎಂಬ ಇನ್ನೊಂದು ಕೆಂಪು ಕುಡಿದ ಅಕ್ಕ "ನೇರಳೆ ಹಣ್ಣು ತಿಂದು ನಾಲಿಗೆ ಬಿಗಿದ ಹಾಗಿದೆ" ಅಂದಳು. ತೋರಿಸುತ್ತಿದ್ದ ಹುಡುಗ ಹೌದು ಅಂತ ತಲೆ ಅಲ್ಲಾಡಿಸಿದ. ಆ ಬಿಗಿತಕ್ಕೆ ಟ್ಯಾನಿನ್ ಅಂತ ಹೆಸರು. ಸಿಪ್ಪೆ, ಬೀಜದಿಂದ ಬರುತ್ತದೆ. ಜಾಸ್ತಿ ಕುದಿಸಿದ ಚಹಾದಲ್ಲೂ ಅದೇ.

ಅಲ್ಲಿ ಸ್ಯಾಂಜಿಯೋವೇಸೆಯನ್ನು ಬಿಡಬೇಡಿ. ಇಟಲಿಯ ಟಸ್ಕನಿಯ ದ್ರಾಕ್ಷಿ ಅದು. ಹುಳಿ ಚುರುಕಾಗಿರುತ್ತದೆ. ಇದನ್ನೂ ಕ್ಯಾಬರ್ನೆ ಸೋವಿನ್ಯೋನನ್ನೂ ಬೆರೆಸಿ ಮಾಡಿದ್ದೇ ಅವರ ಹೆಸರುವಾಸಿ ವೈನ್ ಸೆಟ್ಟೆ. ಇಟಲಿ ಭಾಷೆಯಲ್ಲಿ ಸೆಟ್ಟೆ ಅಂದರೆ ಏಳು. ನಮ್ಮ ಗುಂಪಿನಲ್ಲೊಬ್ಬರು "ಇದು ನಮ್ಮ ಶೆಟ್ಟರದೇ ಇರಬೇಕು" ಅಂದು ಮೇಜೆಲ್ಲ ನಗಿಸಿದರು.

ಉಗುಳಬಹುದಾ? ಮರ್ಯಾದೆ ಹೋಗಲ್ವಾ?

ಉಗುಳಬಹುದು. ಮೇಜಿನ ಮೇಲಿನ ಪಾತ್ರೆ ಅದಕ್ಕೇ ಇರುವುದು. ಗ್ಲಾಸಿನಲ್ಲಿ ಉಳಿದದ್ದನ್ನೂ ಅದಕ್ಕೆ ಸುರಿಯಬಹುದು. ದುಡ್ಡು ಕೊಟ್ಟಿದ್ದೇವೆ ಅಂತ ಎಲ್ಲ ಮುಗಿಸುವುದು ಮದುವೆ ಊಟದ ಅಭ್ಯಾಸ, ಇಲ್ಲಿ ಬೇಡ.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ, ತಿಂದು ಹೋಗಬೇಕಾ?

ತಿಂದು ಹೋಗಿ. ನಮ್ಮಲ್ಲೊಬ್ಬರಿಗೆ ಗುರುವಾರದ ಉಪವಾಸ. "ದ್ರಾಕ್ಷಿ ಹಣ್ಣೇ ತಾನೇ, ಉಪವಾಸಕ್ಕೆ ನಡೆಯುತ್ತೆ" ಅಂತ ತಮಾಷೆ ಮಾಡುತ್ತಲೇ ಕುಡಿದರು. ಮೂರನೇ ಗ್ಲಾಸಿಗೆ ಬೆವರಿ, ಬೇವಿನ ಮರದ ನೆರಳಲ್ಲಿ ಅರ್ಧ ಗಂಟೆ ಮಲಗಬೇಕಾಯಿತು.

ಬೆಳಿಗ್ಗೆ ರೊಟ್ಟಿ, ಮೊಸರು, ಸ್ವಲ್ಪ ಪಲ್ಯ ಸಾಕು. ಹೊರಡುವ ಮುಂಚೆ ಖಾರ ಬೇಡ. ನಾಲಿಗೆ ಉರಿಯುತ್ತಿದ್ದರೆ ಕೆಂಪು ವೈನ್ ಇನ್ನೂ ಉರಿಸುತ್ತದೆ. ಸೊಲ್ಲಾಪುರದ ಶೇಂಗಾ ಚಟ್ನಿ ಒಯ್ದಿದ್ದೆವು. ಎಣ್ಣೆ ಬಿಟ್ಟ, ಬೆಳ್ಳುಳ್ಳಿ ಘಾಟಿನ ಅದರ ಮುಂದೆ ಸಿಹಿ ಇಲ್ಲದ ಬಿಳಿ ವೈನ್ ಸೋತಿತು. ಸ್ವಲ್ಪ ಸಿಹಿ ಇರುವ ಶೆನಿನ್ ಮಾತ್ರ ನಿಂತಿತು. ಕಡಕ್ ರೊಟ್ಟಿಯ ಚೂರು ಮಾತ್ರ ಎಲ್ಲದರ ಜೊತೆಗೂ ಒಳ್ಳೆಯದು. ಬಾಯಿ ಒರೆಸಿದ ಹಾಗೆ. ಹೊರಗಿನ ತಿಂಡಿ ತರಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ನೀರು ಮಾತ್ರ ಗ್ಲಾಸಿಗೆ ಗ್ಲಾಸ್ ಕುಡಿಯುತ್ತಿರಿ.

ವೈನ್ ಸಸ್ಯಾಹಾರವಾ?

ನಮ್ಮ ಕಡೆ ಇದು ನ್ಯಾಯವಾದ ಪ್ರಶ್ನೆ. ರಸ, ಯೀಸ್ಟ್, ಕಾಲ ಇಷ್ಟರಿಂದಲೇ ವೈನ್ ಆಗುತ್ತದೆ. ಆದರೆ ಅದನ್ನು ತಿಳಿಯಾಗಿಸಲು ಕೆಲವು ಕಡೆ ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಾಟಿನ್, ಮೀನಿನಿಂದ ತೆಗೆದ ಇಸಿಂಗ್ಲಾಸ್ ಬಳಸುತ್ತಾರೆ. ಇನ್ನು ಕೆಲವು ಕಡೆ ಬೆಂಟೋನೈಟ್ ಎಂಬ ಜೇಡಿಮಣ್ಣು. ಕೊನೆಗೆ ಇವೆಲ್ಲ ಬಹುಪಾಲು ತಳದಲ್ಲಿ ಕೂತು, ಸೋಸುವಾಗ ಹೋಗುತ್ತವೆ. ಆದರೂ ಮನಸ್ಸಿಗೆ ಬೇಕಲ್ಲ. ಯಾವುದರಿಂದ ತಿಳಿಮಾಡಿದ್ದೀರಿ ಅಂತ ಅಲ್ಲಿಯೇ ಕೇಳಿ. ಸಂಕೋಚ ಬೇಡ.

ಅವ್ವನನ್ನು, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಅವ್ವನಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಸರಿಯಾಗಿ ಹೇಳಿ ಕರೆದೊಯ್ಯಿರಿ. ಸುಳ್ಳು ಹೇಳಿ ಕರೆದುಕೊಂಡು ಹೋದರೆ ದಾರಿಯುದ್ದಕ್ಕೂ ಮೌನ ಸಹಿಸಬೇಕಾಗುತ್ತದೆ. ನಮ್ಮ ಮಾವಶಿ ಬಂದಿದ್ದರು. ಒಂದು ಹನಿ ಮುಟ್ಟಲಿಲ್ಲ. ಆದರೆ ತವರಿನಲ್ಲಿ ದ್ರಾಕ್ಷಿ ಪಡ ಕಂಡವರು. ಹನಿ ನೀರಾವರಿ, ತಂತಿ ಕಟ್ಟಿದ ರೀತಿ, ಕೂಲಿ ಎಷ್ಟು ಅಂತ ಕೇಳಿ ಕೇಳಿ ತೋರಿಸುವವನಿಗೇ ಬೆವರಿಳಿಸಿದರು. ಮರಾಠಿ, ಕನ್ನಡ ಎರಡರಲ್ಲೂ! ನಮ್ಮೆಲ್ಲರಿಗಿಂತ ಹೆಚ್ಚು ತಿಳಿದುಕೊಂಡು ಬಂದವರು ಅವರೇ.

ಚಿಕ್ಕ ಮಕ್ಕಳಿಗೆ ಟೇಸ್ಟಿಂಗ್ ಹೊತ್ತು ಬೇಸರ. ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಬಿಟ್ಟು ಹೋಗಿ. ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ತುಂಬಿರಬೇಕು. ಕಾಲೇಜು ಹುಡುಗರ ಹತ್ತಿರ ಆಧಾರ್ ಕಾರ್ಡ್ ಇರಲಿ. ಬಸುರಿಯರು, ಲಿವರ್ ತೊಂದರೆ ಇರುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಕುಡಿಯುವುದು ಬೇಡ. ತೋಟ ನೋಡಲು ಯಾರ ಅಡ್ಡಿಯೂ ಇಲ್ಲ.

ಅಲ್ಲಿನ ದ್ರಾಕ್ಷಿ ಕಿತ್ತು ತಿನ್ನಬಹುದಾ?

ಕೇಳದೆ ಕೀಳಬೇಡಿ. ಯಾವಾಗ ಯಾವ ಔಷಧಿ ಹೊಡೆದಿರುತ್ತಾರೋ ನೋಡಿದರೆ ಗೊತ್ತಾಗುವುದಿಲ್ಲ. ಕೊಟ್ಟರೆ ತಿಂದು ನೋಡಿ. ಆಶ್ಚರ್ಯ ಆಗುತ್ತದೆ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ನಮ್ಮ ತಿನ್ನುವ ದ್ರಾಕ್ಷಿ ಥಾಮ್ಸನ್‌ಗಿಂತ ಸಿಹಿ. ಆ ಸಕ್ಕರೆಯನ್ನೇ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುವುದು. ಕೆಂಪು ವೈನಿನ ಬಣ್ಣ ಬರುವುದೂ ಸಿಪ್ಪೆಯಿಂದ. ಸಾಮಾನ್ಯವಾಗಿ ಕರಿ ದ್ರಾಕ್ಷಿಯ ರಸವೂ ಬಿಳಿಯೇ.

ಒಂದು ಬಾಟಲಿಗೆ ಒಂದು ಕಿಲೋ ಮೇಲೆ ದ್ರಾಕ್ಷಿ ಬೇಕು. ಒಂದು ಕಿಲೋ ಮನೂಕಾಗೆ (ಒಣದ್ರಾಕ್ಷಿಗೆ) ಸುಮಾರು ನಾಲ್ಕು ಕಿಲೋ. ಪಂಢರಪುರದ ಹತ್ತಿರ ಕಾಸೇಗಾಂವ್ ಕಡೆ ಮನೂಕಾ ಒಣಗಿಸುವ ಶೆಡ್ಡುಗಳಿವೆ. ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಬಲೆಯ ಮೇಲೆ ಹರವಿದ ದ್ರಾಕ್ಷಿ ನೋಡಿಕೊಂಡು, ಒಂದೆರಡು ಕಿಲೋ ಕಟ್ಟಿಸಿಕೊಂಡು ಬನ್ನಿ. ಮನೆಯವರ ಸಿಟ್ಟಿಗೂ ಅದು ಔಷಧಿ.

ಬಾಟಲಿ ಕೊಂಡು ತರುವಾಗ ಏನು ನೋಡಬೇಕು?

ಬಿಸಿಲು. ಇದರಲ್ಲಿ ನಾನು ಸೋತಿದ್ದೇನೆ. ಈ ಪ್ರವಾಸಕ್ಕಿಂತ ಹಿಂದೆ ಒಮ್ಮೆ ಮಾರ್ಚ್ ಕೊನೆಯಲ್ಲಿ ಎರಡು ಬಾಟಲಿ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟೆ. ನೆಂಟರ ಮನೆಯಲ್ಲಿ ಮೂರು ಗಂಟೆ ಕೂತು ಬಂದೆ. ಮನೆಗೆ ಬಂದು ನೋಡಿದರೆ ಬೂಚು ಕೂದಲೆಳೆಯಷ್ಟು ಮೇಲೆದ್ದಿತ್ತು. ಒಳಗಿನದು ಕುದಿಸಿದ ಜಾಮ್ ಥರ. ತಪ್ಪು ಪೂರಾ ನನ್ನದು. ಈಗ ಥರ್ಮಾಕೋಲ್ ಡಬ್ಬಿ ಒಯ್ಯುತ್ತೇನೆ, ಎಸಿ ತಾಕುವ ಕಡೆ ಸೀಟಿನ ಕೆಳಗೆ ಇಡುತ್ತೇನೆ.

ಬಿಲ್ ಬಿಸಾಡಬೇಡಿ. ಮಹಾರಾಷ್ಟ್ರದಲ್ಲಿ ಮದ್ಯಕ್ಕೆ ಪರ್ಮಿಟ್ ಎಂಬ ಹಳೆಯ ಪದ್ಧತಿ ಇದೆ. ಒಂದು ದಿನದ್ದು, ಒಂದು ವರ್ಷದ್ದು, ಜೀವಮಾನದ್ದು ಅಂತ. ಕೌಂಟರಿನಲ್ಲಿ ಕೇಳಿ ಮಾಡಿಸಿಕೊಳ್ಳಿ. ವಿಜಯಪುರ, ಕಲಬುರಗಿಯ ಬೀಗರಿಗೆ ಪೆಟ್ಟಿಗೆಗಟ್ಟಲೆ ಒಯ್ಯುವ ಯೋಚನೆ ಬಿಡಿ. ಅಬಕಾರಿ ಕಾನೂನು ಆಯಾ ರಾಜ್ಯದ್ದು, ಗಡಿ ದಾಟಿದರೆ ಬದಲಾಗುತ್ತದೆ. ಬೀಗರಿಗೆ ಮನೂಕಾ ಕೊಡಿ.

ದಾರಿಯಲ್ಲಿ ಇನ್ನೇನು ನೋಡಬಹುದು?

ಒಂದೇ ಒಂದು ಆರಿಸಿಕೊಳ್ಳಿ. ನನ್ನ ಆಯ್ಕೆ ವೇಳಾಪುರದ ಅರ್ಧನಾರಿ ನಟೇಶ್ವರ ಗುಡಿ. ಯಾದವರ ಕಾಲದ ಕಲ್ಲಿನ ಕಟ್ಟಡ. ಒಳಗೆ ತಂಪು. ಇದನ್ನೂ ಹೋಗುವಾಗಲೇ ನೋಡಿಬಿಡಿ. ಅಕಲೂಜಿನಲ್ಲಿ ನೀರಾ ನದಿ ದಂಡೆಯ ಕೋಟೆ ಇದೆ, ಮಕ್ಕಳಿದ್ದರೆ ಅದು. ಭೀಮಾ, ನೀರಾ ಕೂಡುವ ನೀರಾ ನರಸಿಂಹಪುರ ಇನ್ನೊಂದು ದಿನಕ್ಕಿರಲಿ. ಪುಣೆಗೆ ಹೊರಟವರಾದರೆ ಪಾಟಸ್ ಹತ್ತಿರ ರೋಟಿ ಗ್ರಾಮದಲ್ಲಿ ಫೋರ್ ಸೀಸನ್ಸ್ ವೈನರಿಯೂ ಸಿಗುತ್ತದೆ.

ಇಷ್ಟೆಲ್ಲ ದೂರ ಆಗಲ್ಲರೀ. ಮನೆಯಲ್ಲೇ ಮಾಡಬಹುದಾ?

ಆಗುತ್ತದೆ. ಆರು ಜನ, ಮೂರು ಬಾಟಲಿ: ಒಂದು ಸೋವಿನ್ಯೋ ಬ್ಲಾಂಕ್, ಒಂದು ಶೆನಿನ್, ಒಂದು ಶಿರಾಜ್. ಬಿಳಿ ಎರಡನ್ನೂ ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ಕೆಂಪನ್ನೂ ಅರ್ಧ ಗಂಟೆ ಇಡಿ. "ಕೆಂಪು ರೂಮಿನ ಬಿಸಿಯಲ್ಲೇ ಇರಬೇಕು" ಅನ್ನುವ ಮಾತು ಯುರೋಪಿನ ಚಳಿ ಮನೆಗಳದು, ಸೊಲ್ಲಾಪುರದ ಪತ್ರಾ (ತಗಡಿನ) ಮನೆಗಳದಲ್ಲ. ತಲೆಗೆ 50 ಎಂ.ಎಲ್.ನಂತೆ ಅಳೆದು ಸುರಿಯಿರಿ. ಬಾಟಲಿಗೆ ಕಾಗದ ಸುತ್ತಿ, ಯಾವುದು ಯಾವುದೆಂದು ಹೇಳದೆ ಕೊಟ್ಟರೆ ಇನ್ನೂ ಮಜಾ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಅಗ್ಗದ ಬಾಟಲಿಗೇ ನಾಲ್ಕು ಓಟು ಬಿತ್ತು, ದುಬಾರಿಯದನ್ನು ತಂದ ಕಾಕಾ ಮಾತ್ರ ಅದನ್ನು ಇನ್ನೂ ಒಪ್ಪಿಲ್ಲ.

ಉಳಿದದ್ದಕ್ಕೆ ಬೂಚು ಒತ್ತಿ ಫ್ರಿಜ್ಜಿನಲ್ಲಿಡಿ. ಮೂರು ನಾಲ್ಕು ದಿನದೊಳಗೆ ಮುಗಿಸಿ. ಬಾಟಲಿಯ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ, ಇಲ್ಲದಿದ್ದರೆ ಕೋಕಮ್ ಶರಬತ್ತು ಅಂತ ಯಾರಾದರೂ ನೀರು ಬೆರೆಸಿ ಅತಿಥಿಗಳ ಕೈಗೆ ಕೊಟ್ಟಾರು.